ಕಂಪ್ಯೂಟರ್ ಇಲ್ಲದ ಕಾಲದ ಸಿಮ್ಯುಲೇಟರ್ ಪೈಲಟ್‌ಗೆ ಏನು ಕಲಿಸುತ್ತಿತ್ತು?

ಪ್ರಶ್ನೆ: ಯುದ್ಧಕಾಲದ ಹಳೆಯ ಫೋಟೊ ಒಂದರಲ್ಲಿ ನೀಲಿ ಬಣ್ಣದ ಪುಟ್ಟ ವಿಮಾನ ನೋಡಿದೆ. ಮೊಂಡು ರೆಕ್ಕೆ, ನೆಲದ ಮೇಲೊಂದು ಪೀಠ, ತಲೆಯ ಮೇಲೆ ಮುಚ್ಚಳ. ಪಕ್ಕದ ಮೇಜಿನಲ್ಲಿ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಪೈಲಟ್‌ಗಳ ತರಬೇತಿ ಯಂತ್ರ ಅಂತ ಕೆಳಗೆ ಬರೆದಿತ್ತು. ಕಂಪ್ಯೂಟರ್ರೇ ಇಲ್ಲದ ಕಾಲದಲ್ಲಿ ಇದು ಕೆಲಸ ಮಾಡಿದ್ದು ಹೇಗೆ? ಹಾರಾಟದ ನಿಜವಾದ ಅನುಭವ ಕೊಡುತ್ತಿತ್ತಾ? ಇನ್ನೊಂದು ವಿಷಯ: ನನ್ನ ಮಗಳಿಗೆ ಪೈಲಟ್ ಆಗುವ ಆಸೆ. ಮನೆಯ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಹಾಕಿಕೊಂಡು ದಿನಾ ಹಾರಿಸುತ್ತಾಳೆ. ಅಲುಗಾಡದ ಕುರ್ಚಿಯಲ್ಲಿ ಕೂತು ಏನಾದರೂ ಕಲಿಯೋಕೆ ಆಗುತ್ತಾ?

ಉತ್ತರ: ನೀವು ನೋಡಿದ್ದು ಲಿಂಕ್ ಟ್ರೇನರ್. ಅದರಲ್ಲಿ ಕಲಿತವರ ಬಾಯಲ್ಲಿ ಬ್ಲೂ ಬಾಕ್ಸ್. ಎರಡನೇ ಮಹಾಯುದ್ಧದ ಹೊತ್ತಿಗೆ ಇಂಥವು 10,000ಕ್ಕೂ ಜಾಸ್ತಿ ತಯಾರಾದವು. ಸುಮಾರು 5 ಲಕ್ಷ ವಾಯುಸೈನಿಕರು ಇದರಲ್ಲಿ ಕೂತು ಕಲಿತರು.

ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಯಾಕಂದರೆ ತುಂಬಾ ಜನ ತಪ್ಪು ತಿಳಿಯುವುದು ಅಲ್ಲೇ. ಇಲ್ಲ, ಅದು ಹಾರಾಟದ ನಿಜವಾದ ಅನುಭವ ಕೊಡುತ್ತಿರಲಿಲ್ಲ. ಕೆಲವು ಕಡೆ ತಪ್ಪು ಅನುಭವವನ್ನೇ ಕೊಡುತ್ತಿತ್ತು. ಅದರ ಕೆಲಸವೇ ಬೇರೆ. ಹೊರಗೆ ಏನೂ ಕಾಣದಿದ್ದಾಗ, ಮೈಗೆ ಅನ್ನಿಸಿದ್ದನ್ನು ಪಕ್ಕಕ್ಕಿಟ್ಟು ಎದುರಿಗಿರುವ ಮೀಟರ್‌ಗಳನ್ನು ನಂಬಿ ವಿಮಾನ ನಡೆಸುವ ಅಭ್ಯಾಸ ಮಾಡಿಸುವುದು. ಈ ಒಂದು ಅಭ್ಯಾಸ ಇಲ್ಲದೆ ಸತ್ತ ಪೈಲಟ್‌ಗಳು ಅದೆಷ್ಟೋ ಮಂದಿ.

ಲಿಂಕ್‌ಗಿಂತ ಮೊದಲೂ ಪ್ರಯತ್ನಗಳು ನಡೆದಿದ್ದವು. 1910ರ ಸುಮಾರಿಗೆ ಫ್ರಾನ್ಸ್‌ನಲ್ಲಿ ಆಂಟ್ವಾನೆಟ್ ಅನ್ನುವ ವಿಮಾನ ಇತ್ತು, ನೋಡೋಕೆ ಬಹಳ ಚೆಂದ, ಓಡಿಸೋಕೆ ಕಷ್ಟ. ಈಗಿನ ಹಾಗೆ ಕೈಯಲ್ಲಿ ಹಿಡಿದು ವಿಮಾನ ನಡೆಸುವ ಕೋಲು, ಅಂದರೆ ಸ್ಟಿಕ್, ಇಲ್ಲ. ಪೈಲಟ್‌ನ ಎರಡು ಪಕ್ಕದಲ್ಲಿ ಒಂದೊಂದು ಚಕ್ರ. ಒಂದನ್ನು ತಿರುಗಿಸಿದರೆ ಮೂತಿ ಏರಿಳಿಯುತ್ತದೆ, ಇನ್ನೊಂದನ್ನು ತಿರುಗಿಸಿದರೆ ರೆಕ್ಕೆ ವಾಲುತ್ತದೆ. ಇದು ಕೈಗೆ ತಾನಾಗಿ ಬರುವ ಕೆಲಸ ಅಲ್ಲ. ಹಾಗಾಗಿ ಅವರು ಅರ್ಧ ಪೀಪಾಯಿ ಒಂದರ ಮೇಲೆ ಇನ್ನೊಂದು ಇಟ್ಟು, ಮೇಲೆ ಸೀಟು, ಪಕ್ಕದಲ್ಲಿ ಅದೇ ಎರಡು ಚಕ್ರ ಜೋಡಿಸಿದರು. ಕೆಳಗೆ ನಿಂತ ಸಹಾಯಕರು ಪೀಪಾಯಿಯನ್ನು ಹಿಡಿದು ವಾಲಿಸುವುದು, ಮೇಲೆ ಕೂತವನು ಎದುರಿಗಿರುವ ಪಟ್ಟಿಯನ್ನು ದಿಗಂತಕ್ಕೆ ಸಮ ಮಾಡುತ್ತಾ ಇರುವುದು. ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಸ್ಯಾಂಡರ್ಸ್ ಟೀಚರ್ ಅನ್ನುವುದು ಬಂತು. ಅದು ಗೂಟದ ಮೇಲೆ ಕೂರಿಸಿದ ವಿಮಾನವೇ, ಗಾಳಿಗೆ ಎದುರಾಗಿ ನಿಲ್ಲಿಸಿದರೆ ಬೀಸುವ ಗಾಳಿಯಿಂದಲೇ ಅಲುಗಾಡಬೇಕು. ಗಾಳಿ ನಿಂತರೆ ಪಾಠವೂ ನಿಂತಿತು. ಮೊದಲ ಮಹಾಯುದ್ಧದಲ್ಲಿ ಫ್ರೆಂಚರು ರೆಕ್ಕೆ ಕತ್ತರಿಸಿದ ಬ್ಲೆರಿಯೊ ವಿಮಾನಗಳನ್ನು ಮೈದಾನದಲ್ಲಿ ಬರೀ ಓಡಿಸಿ ಕಲಿಸುತ್ತಿದ್ದರು. ಅವು ಮೇಲೇಳುತ್ತಲೇ ಇರಲಿಲ್ಲ, ಅದಕ್ಕೇ ಪೆಂಗ್ವಿನ್ ಅಂತ ಹೆಸರು.

ಇವುಗಳಲ್ಲೆಲ್ಲ ಒಂದು ಕೊರತೆ ಇತ್ತು. ವಿಮಾನದಲ್ಲಿ ಸ್ಟಿಕ್ಕನ್ನು ಸ್ವಲ್ಪ ಸರಿಸಿದರೆ ನಿಧಾನವಾಗಿ ವಾಲುತ್ತದೆ, ಜಾಸ್ತಿ ಸರಿಸಿದರೆ ಬೇಗ ವಾಲುತ್ತದೆ, ಹಾಗೇ ಹಿಡಿದುಕೊಂಡಿದ್ದರೆ ವಾಲುತ್ತಲೇ ಹೋಗುತ್ತದೆ. ಕೈಯ ಚಲನೆಗೂ ವಿಮಾನದ ಚಲನೆಗೂ ನಡುವೆ ಇರುವ ಈ ಸಂಬಂಧ ಕೆಳಗೆ ನಿಂತ ಇಬ್ಬರು ಮನುಷ್ಯರ ತೋಳಿನಿಂದ ಬರುವುದಿಲ್ಲ ಅಲ್ವಾ? ಅದನ್ನು ಯಂತ್ರದಿಂದ ತರಿಸಿದ್ದು ಒಬ್ಬ ಪಿಯಾನೊ ತಯಾರಕನ ಮಗ.

ಎಡ್ವಿನ್ ಲಿಂಕ್ ಹುಟ್ಟಿದ್ದು 1904ರಲ್ಲಿ. ಅಪ್ಪ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ದಿವಾಳಿಯಾಗಿದ್ದ ಒಂದು ಸಂಗೀತವಾದ್ಯದ ಕಂಪನಿ ಕೊಂಡು, ತಾನಾಗಿ ನುಡಿಯುವ ಪಿಯಾನೊ ಮತ್ತು ಸಿನಿಮಾ ಮಂದಿರಗಳ ಆರ್ಗನ್ ಮಾಡಿಸುತ್ತಿದ್ದರು. ಹುಡುಗನಿಗೆ ಹಾರಾಟದ ಹುಚ್ಚು. 1920ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಚಾರ್ಲಿ ಚಾಪ್ಲಿನ್‌ನ ಅಣ್ಣ ಸಿಡ್ನಿ ಚಾಪ್ಲಿನ್ ನಡೆಸುತ್ತಿದ್ದ ಕಡೆ, 50 ಡಾಲರ್ ಕೊಟ್ಟು ಮೊದಲ ಪಾಠಕ್ಕೆ ಹೋದ. ಆ ಕಾಲಕ್ಕೆ 50 ಡಾಲರ್ ಅಂದರೆ ಸಣ್ಣ ದುಡ್ಡಲ್ಲ. ವಿಮಾನ ಲೂಪ್ ಹೊಡೆಯಿತು, ಗಿರಗಿರ ತಿರುಗಿತು, ಇಳಿಯಿತು. ಇವನ ಕೈಗೆ ಸ್ಟಿಕ್ ಮುಟ್ಟಲೂ ಕೊಡಲಿಲ್ಲ. ಕಲಿಯೋಕೆ ಇಷ್ಟು ದುಬಾರಿಯಲ್ಲದ ದಾರಿ ಇರಬೇಕು ಅನ್ನುವ ಯೋಚನೆ ಅವನನ್ನು ಬಿಡಲಿಲ್ಲ. 1927ರ ಹೊತ್ತಿಗೆ ಅಪ್ಪನ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಕೆಲಸ ಶುರು ಮಾಡಿದ, 1929ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ.

ಈಗ ನಿಮ್ಮ ಮೊದಲ ಪ್ರಶ್ನೆ, ಕೆಲಸ ಮಾಡಿದ್ದು ಹೇಗೆ ಅನ್ನುವುದು. ಇದು ನನಗೆ ಬಹಳ ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಹಾರ್ಮೋನಿಯಂನ ತಿದಿ ನೋಡಿದ್ದೀರಲ್ಲ. ಕೈಯಿಂದ ಒತ್ತಿದರೆ ಗಾಳಿ ಒಳಗಿನಿಂದ ಹೊರಗೆ ನುಗ್ಗಿ ಸ್ವರ ಬರುತ್ತದೆ. ತಾನಾಗಿ ನುಡಿಯುವ ಪಿಯಾನೊದಲ್ಲಿ ಇದು ತಿರುಗುಮುರುಗು: ಪಂಪು ಗಾಳಿಯನ್ನು ಹೀರಿಕೊಳ್ಳುತ್ತದೆ, ರಂಧ್ರ ಕೊರೆದ ಕಾಗದದ ಸುರುಳಿ ಯಾವ ತಿದಿಯಿಂದ ಗಾಳಿ ಹೀರಬೇಕು ಅಂತ ಹೇಳುತ್ತದೆ, ಆ ತಿದಿ ಕುಗ್ಗಿ ಸುತ್ತಿಗೆಯನ್ನು ಎಳೆಯುತ್ತದೆ. ಲಿಂಕ್ ಮಾಡಿದ್ದು ಇಷ್ಟೇ. ಸುರುಳಿಯ ಜಾಗಕ್ಕೆ ಪೈಲಟ್‌ನ ಸ್ಟಿಕ್ ತಂದ, ಸುತ್ತಿಗೆಯ ಜಾಗಕ್ಕೆ ಇಡೀ ಕಾಕ್‌ಪಿಟ್ ತಂದ.

ಕಾಕ್‌ಪಿಟ್ ಒಂದು ಕೀಲಿನ ಮೇಲೆ ಎಲ್ಲಾ ಕಡೆಗೂ ವಾಲುವ ಹಾಗೆ ಕೂತಿರುತ್ತದೆ. ಅದರ ಕೆಳಗೆ ನಾಲ್ಕು ದೊಡ್ಡ ತಿದಿ: ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ. ಸ್ಟಿಕ್ ಮುಂದೆ ತಳ್ಳಿದರೆ ವಾಲ್ವ್ ತಿರುಗಿ ಮುಂದಿನ ತಿದಿಯಿಂದ ಗಾಳಿ ಹೀರುತ್ತದೆ, ಹಿಂದಿನದಕ್ಕೆ ಹೊರಗಿನ ಗಾಳಿ ಬಿಡುತ್ತದೆ. ಮುಂದಿನದು ಕುಗ್ಗಿ, ಹಿಂದಿನದು ಉಬ್ಬಿ, ಮೂತಿ ಕೆಳಗಾಗುತ್ತದೆ. ವಾಲ್ವ್ ಸ್ವಲ್ಪ ತೆರೆದರೆ ಗಾಳಿ ನಿಧಾನವಾಗಿ ಹರಿಯುತ್ತದೆ, ಜಾಸ್ತಿ ತೆರೆದರೆ ಬೇಗ. ಹಳೆಯ ಯಂತ್ರಗಳಲ್ಲಿ ಇರದಿದ್ದ ಸಂಬಂಧ ಸಿಕ್ಕಿದ್ದು ಇಲ್ಲಿ. ತಿರುಗುವುದಕ್ಕೆ ಬೇರೆ ವ್ಯವಸ್ಥೆ: ಹತ್ತು ಸಣ್ಣ ತಿದಿಗಳು ಸರದಿಯಲ್ಲಿ ಕುಗ್ಗಿ ಉಬ್ಬಿ ಕ್ರ್ಯಾಂಕ್ ತಿರುಗಿಸುವ ಗಾಳಿಯ ಮೋಟಾರು. ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ರಡ್ಡರ್ ಪೆಡಲ್ ಒತ್ತಿದರೆ ಇಡೀ ಪೆಟ್ಟಿಗೆ ಪೀಠದ ಮೇಲೆ ಸುತ್ತು ಹಾಕುತ್ತದೆ, ಬೇಕಾದರೆ ಪೂರ್ತಿ 360 ಡಿಗ್ರಿ, ಸುತ್ತಿನ ಮೇಲೆ ಸುತ್ತು. ಲೂಪ್ ಹೊಡೆಯುವುದು, ತಲೆಕೆಳಗಾಗುವುದು ಮಾತ್ರ ಆಗುತ್ತಿರಲಿಲ್ಲ.

ಮುಂದೆ ಬಂದ ಮಾದರಿಗಳಲ್ಲಿ ಇನ್ನೂ ಒಂದು ಹೆಜ್ಜೆ ಹೋದರು. ಮೀಟರ್‌ಗಳಿಗೂ ಜೀವ ಬಂತು. ಎತ್ತರ ತೋರಿಸುವ ಆಲ್ಟಿಮೀಟರ್ ಅಸಲಿಗೆ ಗಾಳಿಯ ಒತ್ತಡ ಅಳೆಯುವ ಉಪಕರಣ, ಅಲ್ವಾ? ಟ್ರೇನರ್‌ನಲ್ಲಿ ಅದನ್ನು ಮುಚ್ಚಿದ ಒಂದು ಡಬ್ಬಿಗೆ ಜೋಡಿಸಿದರು. ಪೈಲಟ್ ಮೂತಿ ಎತ್ತಿ ಎಂಜಿನ್ ಜೋರು ಮಾಡಿದರೆ ಡಬ್ಬಿಯೊಳಗಿನ ಗಾಳಿ ನಿಧಾನವಾಗಿ ಖಾಲಿಯಾಗುತ್ತದೆ, ಮುಳ್ಳು ಏರುತ್ತದೆ. ಇಳಿಸಿದರೆ ಗಾಳಿ ವಾಪಸ್ ಬರುತ್ತದೆ. ಅಂದರೆ ಇಷ್ಟು ವೇಗದಲ್ಲಿ ಇಷ್ಟು ಹೊತ್ತು ಏರಿದರೆ ಎಷ್ಟು ಎತ್ತರ ಅನ್ನುವ ಲೆಕ್ಕವನ್ನು ಡಬ್ಬಿ ಮತ್ತು ಸಣ್ಣ ತೂತು ಮಾಡುತ್ತಿದ್ದವು! ಕಂಪ್ಯೂಟರ್ ಇಲ್ಲದೆ ಹೇಗೆ ಅಂತ ಕೇಳಿದಿರಲ್ಲ, ಗಾಳಿಯೇ ಅಲ್ಲಿ ಲೆಕ್ಕ ಮಾಡುತ್ತಿತ್ತು. ವೇಗ ತೀರಾ ಕಡಿಮೆಯಾದರೆ ಇನ್ನೊಂದು ವಾಲ್ವ್ ಪಟ್ಟನೆ ತೆರೆದುಕೊಂಡು ಮೂತಿ ಕುಸಿದು ಪೆಟ್ಟಿಗೆ ಗಿರಗಿರ ತಿರುಗುತ್ತಿತ್ತು. ನಿಜವಾದ ವಿಮಾನದ ಸ್ಪಿನ್ ಅಂದರೆ ಇದೇ, ಇಲ್ಲಿ ಸಾವಿಲ್ಲ ಅಷ್ಟೆ.

ಇಷ್ಟೆಲ್ಲ ಇದ್ದೂ ಕೊಳ್ಳುವವರು ಇರಲಿಲ್ಲ. ಪೇಟೆಂಟ್‌ನಲ್ಲೇ ಇದು ತರಬೇತಿಗೂ ಮನರಂಜನೆಗೂ ಆಗುವ ಸಾಧನ ಅಂತ ಬರೆದಿದ್ದ, ಹಾಗೇ ಆಯಿತು. ಮೊದಮೊದಲು ಜಾಸ್ತಿ ಹೋಗಿದ್ದು ಜಾತ್ರೆ ಮೈದಾನ, ಮನರಂಜನಾ ಪಾರ್ಕ್‌ಗಳಿಗೆ. ಆರ್ಥಿಕ ಕುಸಿತದ ವರ್ಷಗಳು ಬೇರೆ. ಹೊಟ್ಟೆಪಾಡಿಗೆ ಲಿಂಕ್ ವಿಮಾನದ ರೆಕ್ಕೆಯಡಿ ದೀಪಗಳ ಜಾಹೀರಾತು ಫಲಕ ಕಟ್ಟಿ ರಾತ್ರಿ ಊರೂರ ಮೇಲೆ ಹಾರುತ್ತಿದ್ದ. ಯಾವ ದೀಪ ಯಾವಾಗ ಹತ್ತಬೇಕು ಅಂತ ಹೇಳುತ್ತಿದ್ದದ್ದು ಅದೇ ಪಿಯಾನೊದ ರಂಧ್ರದ ಸುರುಳಿ.

ಪರಿಸ್ಥಿತಿ ಬದಲಾಗಿದ್ದು 1934ರಲ್ಲಿ, ಬಹಳ ಬೆಲೆ ತೆತ್ತು. ಅಮೆರಿಕದಲ್ಲಿ ವಿಮಾನದ ಅಂಚೆ ಸಾಗಿಸುವ ಗುತ್ತಿಗೆಗಳಲ್ಲಿ ಅಕ್ರಮ ನಡೆದಿದೆ ಅಂತ ಅಧ್ಯಕ್ಷ ರೂಸ್‌ವೆಲ್ಟ್ ಫೆಬ್ರವರಿ 9ರಂದು ಖಾಸಗಿ ಕಂಪನಿಗಳ ಗುತ್ತಿಗೆ ರದ್ದು ಮಾಡಿ, ಆ ಕೆಲಸವನ್ನು ಸೇನೆಯ ವಾಯುದಳಕ್ಕೆ ವಹಿಸಿದರು. ಹತ್ತೇ ದಿನಗಳಲ್ಲಿ ಸೇನೆ ಹಾರಾಟ ಶುರು ಮಾಡಿತು. ಕೆಟ್ಟ ಚಳಿಗಾಲ. ಹಿಮ, ಮಂಜು, ರಾತ್ರಿ. ಸೇನೆಯ ಪೈಲಟ್‌ಗಳು ಧೈರ್ಯಸ್ಥರೇ, ಆದರೆ ಅವರಿಗೆ ಅಭ್ಯಾಸ ಇದ್ದದ್ದು ಹಗಲಿನ, ನೆಲ ಕಾಣುವ ಹಾರಾಟ. ಎಷ್ಟೋ ವಿಮಾನಗಳಲ್ಲಿ ಸರಿಯಾದ ಉಪಕರಣಗಳೂ ಇರಲಿಲ್ಲ. ಆ ಕೆಲವೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು.

ಯಾಕೆ ಸತ್ತರು ಅನ್ನುವುದನ್ನು ನಿಮ್ಮ ಮಗಳಿಗೂ ಹೇಳಿ. ನಮ್ಮ ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ತಿರುಗುತ್ತಿದ್ದೇವೆ ಅಂತ ಮೆದುಳಿಗೆ ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ದ್ರವವೂ ಅದೇ ವೇಗ ಹಿಡಿಯುತ್ತದೆ. ಆಗ ನೇರ ಹೋಗುತ್ತಿದ್ದೇವೆ ಅನ್ನಿಸುತ್ತದೆ. ತಿರುವಿನಿಂದ ಹೊರಬಂದರೆ ಉಲ್ಟಾ ದಿಕ್ಕಿಗೆ ತಿರುಗುತ್ತಿರುವ ಹಾಗೆ ಅನ್ನಿಸುತ್ತದೆ, ಪೈಲಟ್ ಅದನ್ನು ಸರಿ ಮಾಡಲು ಹೋಗಿ ಮತ್ತೆ ಹಳೆಯ ತಿರುವಿಗೇ ಬೀಳುತ್ತಾನೆ. ಹೊರಗೆ ನೆಲ ಕಂಡರೆ ಕಣ್ಣು ಈ ತಪ್ಪನ್ನು ತಕ್ಷಣ ತಿದ್ದುತ್ತದೆ. ಮೋಡದೊಳಗೆ ತಿದ್ದುವವರು ಯಾರು? ವಿಮಾನ ಸುರುಳಿ ಸುತ್ತುತ್ತಾ ಕೆಳಗಿಳಿಯುತ್ತದೆ, ಎತ್ತರ ಕಡಿಮೆಯಾಗುತ್ತಿದೆ ಅಂತ ಪೈಲಟ್ ಸ್ಟಿಕ್ ಎಳೆಯುತ್ತಾನೆ, ಸುರುಳಿ ಇನ್ನೂ ಬಿಗಿಯಾಗುತ್ತದೆ. 1926ರಲ್ಲೇ ವಿಲಿಯಂ ಆಕರ್ ಅನ್ನುವ ಸೇನಾ ಪೈಲಟ್, ಡೇವಿಡ್ ಮೈಯರ್ಸ್ ಅನ್ನುವ ವೈದ್ಯರ ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಯಾವ ಕಡೆ ತಿರುಗುತ್ತಿದ್ದೇನೆ ಅಂತ ಹೇಳಲಾಗದೆ ಸೋತಿದ್ದ. ನಂತರ ತಿರುವು ತೋರಿಸುವ ಉಪಕರಣವನ್ನು ಒಂದು ಪೆಟ್ಟಿಗೆಯೊಳಗಿಟ್ಟು, ಅದನ್ನು ನೋಡಿಕೊಂಡು ಅದೇ ಪರೀಕ್ಷೆಯಲ್ಲಿ ಗೆದ್ದ. 1929ರಲ್ಲಿ ಜಿಮ್ಮಿ ಡೂಲಿಟಲ್ ಅನ್ನುವ ಇನ್ನೊಬ್ಬ ಸೇನಾ ಪೈಲಟ್ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಬರೀ ಉಪಕರಣ ನೋಡಿಕೊಂಡು ಏರಿ, ಸುತ್ತಿ, ಇಳಿದು ತೋರಿಸಿದ್ದ. ವಿದ್ಯೆ ಇತ್ತು. ಅದನ್ನು ಸಾವಿರಾರು ಜನಕ್ಕೆ ಕಲಿಸುವ ದಾರಿ ಇರಲಿಲ್ಲ.

ಅದೇ 1934ರ ಫೆಬ್ರವರಿಯಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಸೇನಾಧಿಕಾರಿಗಳು ಲಿಂಕ್‌ನ ಭೇಟಿಗೆ ಕಾದಿದ್ದರು. ದಟ್ಟ ಮಂಜು. ಇಂಥ ಹವೆಯಲ್ಲಿ ಯಾರೂ ಬರುವುದಿಲ್ಲ ಅಂತ ಹೊರಡಲು ಎದ್ದರು. ಅಷ್ಟರಲ್ಲಿ ಎಂಜಿನ್ ಸದ್ದು ಕೇಳಿ, ಮಂಜಿನೊಳಗಿನಿಂದ ಲಿಂಕ್‌ನ ವಿಮಾನ ಇಳಿಯಿತು. ಉಪಕರಣ ನೋಡಿ ಹಾರುವುದನ್ನು ಅವನು ತನ್ನ ಟ್ರೇನರ್‌ನಲ್ಲೇ ರೂಢಿ ಮಾಡಿಕೊಂಡಿದ್ದ. ಬೇರೆ ಮಾತು ಬೇಕಾಗಲಿಲ್ಲ. ಆ ಜೂನ್‌ನಲ್ಲಿ ಸೇನೆ ತಲಾ 3,500 ಡಾಲರ್‌ಗೆ ಆರು ಟ್ರೇನರ್ ಕೊಂಡಿತು. 1937ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕೊಂಡಿತು. ಜಪಾನ್ ನೌಕಾಪಡೆಯೂ ಯುದ್ಧಕ್ಕೆ ಮೊದಲೇ ತರಿಸಿಕೊಂಡಿತ್ತು. ಬ್ರಿಟಿಷ್ ಸಾಮ್ರಾಜ್ಯದ ಬೇಡಿಕೆಗೆ ಅಂತ ಕೆನಡಾದ ಗ್ಯಾನನಾಕ್ವೆಯಲ್ಲಿ ಇನ್ನೊಂದು ಕಾರ್ಖಾನೆ ಎದ್ದಿತು.

ನಿಮ್ಮ ಫೋಟೊದ ಮೇಜಿಗೆ ಬರೋಣ, ನನ್ನ ಪ್ರಕಾರ ಪಾಠದ ಅರ್ಧ ಭಾಗ ನಡೆಯುತ್ತಿದ್ದದ್ದು ಅಲ್ಲಿ. ಮೇಜಿನ ಗಾಜಿನ ಮೇಲೆ ನಕ್ಷೆ. ನಕ್ಷೆಯ ಮೇಲೆ ಮೂರು ಪುಟ್ಟ ಚಕ್ರದ ಒಂದು ಗಾಡಿ, ಅದನ್ನು ಕ್ರ್ಯಾಬ್ ಅನ್ನುತ್ತಿದ್ದರು. ಒಳಗಿರುವವನು ವಿಮಾನವನ್ನು ತಿರುಗಿಸಿದ ಹಾಗೆ ಗಾಡಿ ತಿರುಗುತ್ತದೆ, ಶಾಯಿ ಹಚ್ಚಿದ ಚಕ್ರ ನಕ್ಷೆಯ ಮೇಲೆ ಗೆರೆ ಎಳೆಯುತ್ತಾ ಹೋಗುತ್ತದೆ. ಶಿಕ್ಷಕರು ಹೆಡ್‌ಫೋನ್‌ನಲ್ಲಿ ವಿಮಾನ ನಿಲ್ದಾಣದ ಕಂಟ್ರೋಲ್‌ನ ಹಾಗೆ ಮಾತಾಡುತ್ತಾರೆ, ರೇಡಿಯೊ ಸಂಕೇತ ಕಳಿಸುತ್ತಾರೆ. ಆಗಿನ ರೇಡಿಯೊ ದಾರಿ ಹೇಗಿತ್ತು ಅಂದರೆ, ದಾರಿಯ ಒಂದು ಪಕ್ಕಕ್ಕೆ ಸರಿದರೆ ಚುಕ್ಕೆ-ಗೆರೆಯ ಮೋರ್ಸ್ ಸಂಕೇತದ ಎ ಅಕ್ಷರ ಕೇಳುತ್ತದೆ, ಇನ್ನೊಂದು ಪಕ್ಕಕ್ಕೆ ಸರಿದರೆ ಎನ್. ಸರಿಯಾಗಿ ನಡುವೆ ಇದ್ದರೆ ಎರಡೂ ಕೂಡಿ ಒಂದೇ ಸಮನಾದ ಗುಂಯ್ ಸದ್ದು. ನಿಲ್ದಾಣದ ನೇರ ಮೇಲೆ ಬಂದರೆ ಸದ್ದೇ ಇಲ್ಲ. ವಿದ್ಯಾರ್ಥಿ ಮುಚ್ಚಳದ ಕೆಳಗೆ ಕತ್ತಲಲ್ಲಿ ಈ ಸದ್ದು ಕೇಳಿಸಿಕೊಳ್ಳುತ್ತಾ, ಐದಾರು ಮೀಟರ್‌ಗಳ ಮೇಲೆ ಕಣ್ಣಾಡಿಸುತ್ತಾ, ಗಡಿಯಾರ ನೋಡುತ್ತಾ, ಶಿಕ್ಷಕರು ಬೇಕಂತಲೇ ಎಬ್ಬಿಸಿದ ಗಾಳಿಯ ಕುಲುಕಾಟ ತಡೆದುಕೊಂಡು ದಾರಿ ಹುಡುಕಬೇಕು. ಬೆವರು ಸುರಿಯುತ್ತಿತ್ತು. ಮುಗಿದ ಮೇಲೆ ಹೊರಬಂದು ನಕ್ಷೆಯ ಗೆರೆ ನೋಡುತ್ತಾನೆ. ತಾನು ನೇರ ಹೋದೆ ಅಂತ ಅಂದುಕೊಂಡ ಕಡೆ ಗೆರೆ ಡೊಂಕಾಗಿರುತ್ತದೆ. ಆ ಗೆರೆಯ ಮುಂದೆ ವಾದ ಮಾಡುವ ಹಾಗಿಲ್ಲ! ಅಮೆರಿಕದ ನೌಕಾಪಡೆಯಲ್ಲಿ ಈ ಮೇಜಿನ ಮುಂದೆ ಕೂತ ಶಿಕ್ಷಕರಲ್ಲಿ ಬಹಳಷ್ಟು ಜನ ಅದರ ಮಹಿಳಾ ವಿಭಾಗವಾದ ವೇವ್ಸ್‌ನವರು, ಅಟ್ಲಾಂಟಾದಲ್ಲಿ ಅದಕ್ಕೆಂದೇ ತರಬೇತಿ ಪಡೆದವರು. ಯುದ್ಧದ ಕಥೆಗಳಲ್ಲಿ ಅವರ ಹೆಸರು ಕೇಳುವುದು ಕಡಿಮೆ. ಅದು ನನಗೆ ಬೇಜಾರಿನ ವಿಷಯ.

ಈಗ ತಪ್ಪು ಅನುಭವದ ಮಾತು. ಪ್ರಯಾಣಿಕರಾಗಿ ಹೋಗುವಾಗ ಗಮನಿಸಿ: ವಿಮಾನ ತಿರುಗುವಾಗ ಕಿಟಕಿಯಲ್ಲಿ ನೆಲ ವಾರೆಯಾಗಿ ಕಾಣುತ್ತದೆ, ಆದರೆ ನೀವು ಪಕ್ಕಕ್ಕೆ ಜಾರುವುದಿಲ್ಲ, ಲೋಟದ ನೀರು ಚೆಲ್ಲುವುದಿಲ್ಲ. ಸರಿಯಾದ ತಿರುವಿನಲ್ಲಿ ಭಾರ ನೇರವಾಗಿ ಸೀಟಿಗೇ ಒತ್ತುತ್ತದೆ. 30 ಡಿಗ್ರಿ ವಾಲಿದ್ದರೆ ಸುಮಾರು 15 ಶೇಕಡಾ ಜಾಸ್ತಿ ಭಾರ ಅನ್ನಿಸುತ್ತದೆ, ಅಷ್ಟೇ. ಲಿಂಕ್ ಪೆಟ್ಟಿಗೆ ನೆಲದ ಮೇಲೆ ಕೂತಿದೆ. ಅದು ಎಡಕ್ಕೆ ವಾಲಿದರೆ ಒಳಗಿನವನು ಎಡಕ್ಕೆ ಜಾರುತ್ತಾನೆ. ವಿಮಾನದಲ್ಲಿ ಇಲ್ಲದ ಸುಳಿವು ಇಲ್ಲಿ ಸಿಗುತ್ತದೆ. ಇದು ಸಣ್ಣ ದೋಷ ಅಲ್ಲ. ಆದರೂ ಟ್ರೇನರ್ ಕೆಲಸ ಮಾಡಿತು, ಯಾಕಂದರೆ ಅದರಲ್ಲಿ ಗಟ್ಟಿಯಾಗುತ್ತಿದ್ದದ್ದು ಬೇರೆ: ಯಾವ ಮೀಟರ್ ನೋಡಿದ ಮೇಲೆ ಯಾವುದು ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಒಂದು ಮೀಟರ್ ಸುಳ್ಳು ಹೇಳಿದರೆ ಉಳಿದವುಗಳಿಂದ ಅದನ್ನು ಹಿಡಿಯುವುದು ಹೇಗೆ, ತಲೆ ಗೊಂದಲವಾಗಿದ್ದಾಗಲೂ ಕೈ ಸುಮ್ನೆ ಇರುವುದು ಹೇಗೆ. ಇವಕ್ಕೆ ಅಲುಗಾಟ ಹೆಚ್ಚು ಬೇಕಿಲ್ಲ. 1948ರಲ್ಲಿ ಪ್ಯಾನ್ ಆಮ್ ಅನ್ನುವ ವಿಮಾನಯಾನ ಕಂಪನಿ ಬೋಯಿಂಗ್ 377 ವಿಮಾನಕ್ಕೆ ಕರ್ಟಿಸ್-ರೈಟ್‌ನಿಂದ ಎಲೆಕ್ಟ್ರಾನಿಕ್ ಸಿಮ್ಯುಲೇಟರ್ ತರಿಸಿತು. ಪೂರ್ತಿ ಕಾಕ್‌ಪಿಟ್, ಎಲ್ಲ ಸ್ವಿಚ್, ಆದರೆ ಅಲುಗಾಟವೇ ಇಲ್ಲ. ಸಿಬ್ಬಂದಿಗೆ ತುರ್ತು ಸಂದರ್ಭಗಳ ಅಭ್ಯಾಸ ಅದರಲ್ಲೇ ಚೆನ್ನಾಗಿ ಆಗುತ್ತಿತ್ತು.

ಈಗಿನ ದೊಡ್ಡ ಸಿಮ್ಯುಲೇಟರ್‌ಗಳು ಆರು ಕಾಲಿನ ಮೇಲೆ ನಿಂತಿರುತ್ತವೆ, ಲಿಂಕ್‌ನ ದೋಷವನ್ನು ಜಾಣತನದಿಂದ ದಾಟುತ್ತವೆ. ತಿರುವು ಶುರುವಾದಾಗ ಒಮ್ಮೆ ವಾಲಿಸಿ, ಆಮೇಲೆ ನಿಮಗೆ ಗೊತ್ತಾಗದಷ್ಟು ನಿಧಾನವಾಗಿ ನೇರಕ್ಕೆ ತರುತ್ತವೆ. ಬೆಂಗಳೂರಿನಲ್ಲಿ ಎಚ್‌ಎಎಲ್ ಜೊತೆ ಸೇರಿ ಹ್ಯಾಟ್ಸಾಫ್ ಹೆಲಿಕಾಪ್ಟರ್ ತರಬೇತಿ ಕೇಂದ್ರ ಕಟ್ಟಿದ ಕೆನಡಾದ ಸಿಎಇ ಕಂಪನಿಯೇ, ಹಲವು ಕೈ ಬದಲಾದ ಹಳೆಯ ಲಿಂಕ್ ವ್ಯವಹಾರವನ್ನು 2021ರಲ್ಲಿ ಕೊಂಡಿತು. ಕಿವಿಯ ಮೋಸವನ್ನು ಪೈಲಟ್‌ಗಳಿಗೆ ಮೈಯಾರೆ ತೋರಿಸಿಕೊಡುವ ಕೆಲಸ ಬೆಂಗಳೂರಿನಲ್ಲೇ, ವಿಮಾನಪುರದ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ನಡೆಯುತ್ತದೆ. ವಾಯುಪಡೆಯ ಪೈಲಟ್‌ಗಳು ಅಲ್ಲಿ ಆ ತರಬೇತಿ ಪಡೆಯುತ್ತಾರೆ.

ಇನ್ನು ನಿಮ್ಮ ಮಗಳು. ಹೌದು, ಅಲುಗಾಡದ ಕುರ್ಚಿಯಲ್ಲಿ ಕಲಿಯಬಹುದು, ಏನು ಕಲಿಯುತ್ತೇವೆ ಅಂತ ಗೊತ್ತಿದ್ದರೆ. ಬೆಟ್ಟ, ಸಮುದ್ರ ನೋಡಿಕೊಂಡು ಸುತ್ತುವುದು ಖುಷಿ, ಅದು ಬೇಡ ಅನ್ನುವುದಿಲ್ಲ. ಆದರೆ ವಿಮಾನ ಇಳಿಸುವ ಕೈಚಳಕ, ಸ್ಟಿಕ್‌ನ ಬಿಗಿ, ಗಾಳಿಯ ಒದೆತ, ಇವನ್ನು ಮನೆಯ ಕಂಪ್ಯೂಟರ್‌ನಿಂದ ಕಲಿತೆ ಅಂತ ನಂಬುವುದು ಬೇಡ. ಅಲ್ಲಿ ಅಂಟಿದ ಕೆಟ್ಟ ರೂಢಿ ಬಿಡಿಸೋಕೆ ಶಿಕ್ಷಕರಿಗೆ ಕಷ್ಟವಾಗುತ್ತದೆ, ಅದರಲ್ಲೂ ಹೊರಗೆ ನೋಡಬೇಕಾದ ಹೊತ್ತಿನಲ್ಲಿ ಪರದೆಯ ಮೀಟರ್‌ಗೇ ಅಂಟಿಕೊಳ್ಳುವ ರೂಢಿ. ಹಾಗಾಗಿ ಎರಡನ್ನೂ ಬೇರೆ ಬೇರೆ ಅಭ್ಯಾಸ ಅಂತ ಇಟ್ಟುಕೊಳ್ಳಲಿ. ವಾರದಲ್ಲಿ ಒಂದೆರಡು ಸಲ ಹವಾಮಾನದಲ್ಲಿ ದಟ್ಟ ಮೋಡ ಹಾಕಿ, ಸೆಸ್ನಾದಂಥ ಸಣ್ಣ ವಿಮಾನ ತೆಗೆದುಕೊಂಡು, ಆಟೋಪೈಲಟ್ ಆಫ್ ಮಾಡಿ, ನಕ್ಷೆಯ ಕಿಟಕಿ ಮುಚ್ಚಿ, ಹೇಳಿದ ಎತ್ತರ ಮತ್ತು ದಿಕ್ಕಿನಲ್ಲಿ 20 ನಿಮಿಷ ಹಾರಲಿ. ನೀವು ಪಕ್ಕದಲ್ಲಿ ಕೂತು ಆಗಾಗ ದಿಕ್ಕು ಬದಲಾಯಿಸಲು ಹೇಳಿ, ನಡುನಡುವೆ ಒಂದು ಮೀಟರ್‌ಗೆ ಕಾಗದ ಅಂಟಿಸಿ. ಮುಗಿದ ಮೇಲೆ ಇಬ್ಬರೂ ಸೇರಿ ಹಾದಿಯ ಗೆರೆಯನ್ನು ತೆರೆದು ನೋಡಿ. ಹೆಚ್ಚಿನ ಸಿಮ್ಯುಲೇಟರ್‌ಗಳು ಅದನ್ನು ಉಳಿಸಿಡುತ್ತವೆ.